ಕಿಣ್ವ ಸತ್ತಿರಲಿಲ್ಲ: ರಾಯಚೂರಿನ ಔಷಧ ಘಟಕವೊಂದರ ಬೇಸಿಗೆ

ರಾಯಚೂರಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲವಸ್ತು ತಯಾರಿಸುವ ಮಧ್ಯಮ ಗಾತ್ರದ ಘಟಕವೊಂದಿದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ತಯಾರಾಗುವ ಔಷಧದ ಹೆಸರೂ ಬೇಡ. ತಯಾರಿಕೆಯ ಒಂದು ಹಂತವನ್ನು ಹಳೆಯ ರಾಸಾಯನಿಕ ವಿಧಾನದಿಂದ ಕಿಣ್ವದ ವಿಧಾನಕ್ಕೆ ಅವರು ಬದಲಿಸಿದರು. ಚಳಿಗಾಲದಲ್ಲಿ ಬ್ಯಾಚುಗಳು ಸಲೀಸಾಗಿ ಮುಗಿದವು. ಏಪ್ರಿಲ್ ಬಂದ ಮೇಲೆ ಬ್ಯಾಚುಗಳು ಮುಗಿಯುವ ಮೊದಲೇ ನಿಲ್ಲತೊಡಗಿದವು. "ಬಿಸಿಲಿಗೆ ಎಂಜೈಮ್ ಸತ್ತು ಹೋಗ್ಯಾದ ನೋಡ್ರಿ" ಅಂತ ಇಡೀ ಪ್ಲಾಂಟು ನಂಬಿತು. ಈ ನಂಬಿಕೆ ಎಲ್ಲಿಂದ ಬಂತು, ಯಾಕೆ ನಿಲ್ಲಲಿಲ್ಲ, ನಿಜವಾದ ಕಾರಣ ಎಲ್ಲಿತ್ತು ಅನ್ನುವುದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಪ್ರೊಸೆಸ್ ಕೆಮಿಸ್ಟ್ ಆಗಿ ನಾನು ಈ ಬದಲಾವಣೆಯನ್ನು ಹತ್ತಿರದಿಂದ ನೋಡಿದ್ದೇನೆ. ರಸಾಯನಶಾಸ್ತ್ರ ಓದಿ ಇಂಥ ಘಟಕಗಳಿಗೆ ಕೆಲಸಕ್ಕೆ ಬರುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರಬೇಕು.

ಹಳೆಯ ಹಂತ

ಕೀಟೋನ್ ಎಂಬ ಬಗೆಯ ಒಂದು ಸಂಯುಕ್ತವನ್ನು ರಿಡಕ್ಷನ್ ಮಾಡಿ, ಅಂದರೆ ಅದಕ್ಕೆ ಹೈಡ್ರೋಜನ್ ಸೇರಿಸಿ, ಆಲ್ಕೋಹಾಲ್ ಮಾಡಬೇಕು. ಕೆಲಸ ಇಷ್ಟೇ. ಆದರೆ ಆ ಆಲ್ಕೋಹಾಲಿಗೆ ಎರಡು ರೂಪಗಳಿವೆ. ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ಔಷಧಕ್ಕೆ ಬೇಕಾಗಿರುವುದು ಒಂದೇ ರೂಪ, ಇನ್ನೊಂದು ಕಲ್ಮಶ. ಬೇಕಾದ ರೂಪವೇ ಬರಲಿ ಅಂತ ಡಿಐಪಿ ಕ್ಲೋರೈಡ್ ಎಂಬ ಬೋರಾನ್ ಸಂಯುಕ್ತವನ್ನು ಬಳಸುತ್ತಿದ್ದರು. ಟರ್ಪೆಂಟೈನ್ ಎಣ್ಣೆಯಲ್ಲಿರುವ ಪೈನೀನ್‌ನಿಂದ ಅದನ್ನು ತಯಾರಿಸುತ್ತಾರೆ. ಅದು ಕ್ಯಾಟಲಿಸ್ಟ್ ಅಲ್ಲ, ಅಂದರೆ ತಾನು ಖರ್ಚಾಗದೆ ರಿಯಾಕ್ಷನ್ ಓಡಿಸುವ ವಸ್ತು ಅಲ್ಲ. ಒಂದು ಅಣು ಕೀಟೋನಿಗೆ ಒಂದಕ್ಕಿಂತ ಜಾಸ್ತಿ ಅಣು ಹಾಕಬೇಕು. ಕೆಲಸ ಮುಗಿದ ಮೇಲೆ ಹಾಕಿದ್ದಷ್ಟೂ ತ್ಯಾಜ್ಯ. ಗಾಳಿಯ ತೇವ ತಗುಲಿದರೆ ಕೆಡುತ್ತದೆ, ಮೈಗೆ ತಾಗಿದರೆ ಸುಡುತ್ತದೆ. ದ್ರಾವಕ ಟಿಎಚ್‌ಎಫ್, ಅದರಲ್ಲಿ ನೀರಿನ ಅಂಶ ಇರಲೇಬಾರದು. ರಿಯಾಕ್ಟರಿನ ಒಳಗೆ ಮೈನಸ್ 25 ಡಿಗ್ರಿ ಇರಬೇಕು.

ರಾಯಚೂರಿನಲ್ಲಿ ಮೈನಸ್ 25 ಅಂದರೆ ಏನು ಅಂತ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಕೃಷ್ಣಾ, ತುಂಗಭದ್ರಾ ಎರಡು ನದಿಗಳ ನಡುವಿನ ಬಯಲು ಇದು. ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು 43 ಡಿಗ್ರಿ ದಾಟುವುದು ಹೊಸದಲ್ಲ. ರಿಯಾಕ್ಟರಿನ ಒಳಗಿಗೂ ಹೊರಗಿಗೂ ಹತ್ತಿರ ಹತ್ತಿರ 70 ಡಿಗ್ರಿ ಅಂತರ. ಬ್ರೈನ್, ಅಂದರೆ ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದ ಉಪ್ಪುನೀರು, ಅದನ್ನು ತಂಪು ಮಾಡುವ ಚಿಲ್ಲರಿನ ಕಂಪ್ರೆಸರ್ ಹಗಲು ರಾತ್ರಿ ಬಿಡುವಿಲ್ಲದೆ ಓಡುತ್ತಿತ್ತು. ಕರೆಂಟ್ ಒಂದು ಗಳಿಗೆ ಹೋಗಿ ಬಂದರೂ ಕಂಪ್ರೆಸರ್ ಟ್ರಿಪ್ ಆಗುತ್ತಿತ್ತು. ಅಷ್ಟರಲ್ಲಿ ಒಳಗಿನ ತಾಪ ಏರಿದರೆ ಬೇಡದ ರೂಪದ ಪಾಲು ಹೆಚ್ಚುತ್ತಿತ್ತು. ಆಗ ಸರಕನ್ನು ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸಬೇಕು. ಹಾಗೆ ಮಾಡಿದಾಗಲೆಲ್ಲ ಒಂದಿಷ್ಟು ಸರಕು ಕೈಬಿಡುತ್ತಿತ್ತು.

ಕಿಣ್ವದ ಕಡೆಗೆ

ಈ ದಾರಿಯನ್ನು ಮೊದಲು ತುಳಿದವರು ಇವರೇನಲ್ಲ. ಅಸ್ತಮಾ, ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್ ತಯಾರಿಕೆಯಲ್ಲೂ ಇದೇ ಡಿಐಪಿ ಕ್ಲೋರೈಡ್ ಹಂತವಿತ್ತು. ಅದರ ಬದಲು ಕೀಟೋರಿಡಕ್ಟೇಸ್ ಎಂಬ ಕಿಣ್ವ ಬಳಸುವ ವಿಧಾನವನ್ನು ಅಮೆರಿಕದ ಕೋಡೆಕ್ಸಿಸ್ ಕಂಪನಿಯವರು 2010ರಲ್ಲಿ ಪ್ರಕಟಿಸಿದರು. ಮೈನಸ್ ತಾಪ ಹೋಗಿ 45 ಡಿಗ್ರಿ ಬಂತು. ಬೇಕಾದ ರೂಪದ ಶುದ್ಧತೆ ಶೇಕಡಾ 99.9 ದಾಟಿತು. ಅಂದರೆ ಆ ರಿಯಾಕ್ಷನ್ ನಡೆಯುವುದು ನಮ್ಮ ಊರಿನ ಮೇ ತಿಂಗಳ ಮಧ್ಯಾಹ್ನದ ತಾಪದಲ್ಲಿ! ಈ ಒಂದು ಸಂಗತಿಗೇ ನನಗೆ ಈ ವಿಧಾನದ ಮೇಲೆ ಪ್ರೀತಿ ಹುಟ್ಟಿತು.

ಇನ್ನೊಂದು ಹೆಸರಾದ ಉದಾಹರಣೆ ಸಕ್ಕರೆ ಕಾಯಿಲೆಯ ಸಿಟಾಗ್ಲಿಪ್ಟಿನ್. ಅದಕ್ಕೆ ಮೊದಲು ರೋಡಿಯಂ ಎಂಬ ದುಬಾರಿ ಲೋಹ ಮತ್ತು ಒತ್ತಡದ ಹೈಡ್ರೋಜನ್ ಬೇಕಿತ್ತು. ಆ ದೊಡ್ಡ ಕೀಟೋನಿನ ಮೇಲೆ ಕೆಲಸ ಮಾಡುವ ಕಿಣ್ವ ಪ್ರಕೃತಿಯಲ್ಲಿ ಸಿಗಲಿಲ್ಲ. ಆಗ ಮರ್ಕ್ ಮತ್ತು ಕೋಡೆಕ್ಸಿಸ್ ಸೇರಿ ಒಂದು ಟ್ರಾನ್ಸಮಿನೇಸ್ ಕಿಣ್ವವನ್ನು ಸುತ್ತು ಸುತ್ತಾಗಿ ಬದಲಿಸುತ್ತಾ ಹೋದರು. ಕೊನೆಗೆ ಉಳಿದ ಕಿಣ್ವದಲ್ಲಿ 27 ಕಡೆ ಅಮೈನೋ ಆಮ್ಲ ಬದಲಾಗಿತ್ತು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಇಳುವರಿ ಶೇಕಡಾ 10ರಿಂದ 13 ಹೆಚ್ಚಿತು, ತ್ಯಾಜ್ಯ ಶೇಕಡಾ 19 ಇಳಿಯಿತು, ಭಾರ ಲೋಹ ಪೂರ್ತಿ ತಪ್ಪಿತು. ಕಿಣ್ವವನ್ನು ಹೀಗೆ ಹಂತಹಂತವಾಗಿ ತಿದ್ದುವ ವಿಧಾನಕ್ಕೆ ಫ್ರಾನ್ಸಿಸ್ ಅರ್ನಾಲ್ಡ್ ಅವರಿಗೆ 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಈ ಸಿಟಾಗ್ಲಿಪ್ಟಿನ್ ವಿಧಾನದಲ್ಲಿ ಉಪವಸ್ತುವಾಗಿ ಅಸಿಟೋನ್ ಬರುತ್ತದೆ. ಅದು ನೆನಪಿರಲಿ. ನಮ್ಮ ಕಥೆಯ ಗಂಟು ಅಲ್ಲೇ ಇದೆ.

ನಮ್ಮ ಪ್ರಕರಣದಲ್ಲೂ ಆರಿಸಿದ್ದು ಕೀಟೋರಿಡಕ್ಟೇಸ್. ಅದು ಒಬ್ಬಂಟಿಯಾಗಿ ಕೆಲಸ ಮಾಡುವುದಿಲ್ಲ. ಎನ್‌ಎಡಿಪಿ ಎಂಬ ಸಹಾಯಕ ಅಣು ಜೊತೆಗಿರಬೇಕು. ಎನ್‌ಎಡಿಪಿಎಚ್ ಆಗಿದ್ದಾಗ ಅದು ಕೀಟೋನಿಗೆ ಹೈಡ್ರೋಜನ್ ಕೊಡುತ್ತದೆ, ಕೊಟ್ಟ ಮೇಲೆ ಖಾಲಿಯಾಗುತ್ತದೆ. ಖಾಲಿಯಾದದ್ದನ್ನು ಮತ್ತೆ ತುಂಬಲು ಐಸೋಪ್ರೊಪೈಲ್ ಆಲ್ಕೋಹಾಲ್ ಇರುತ್ತದೆ. ಪ್ಲಾಂಟಿನಲ್ಲಿ ಅದಕ್ಕೆ ಐಪಿಎ ಅಂತಾರೆ. ಐಪಿಎ ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು ಅಸಿಟೋನ್ ಆಗುತ್ತದೆ. ಈ ಎರಡೂ ಕೆಲಸವನ್ನು ಅದೇ ಒಂದು ಕಿಣ್ವ ಮಾಡುತ್ತದೆ. ಹಾಗಾಗಿ ದುಬಾರಿ ಎನ್‌ಎಡಿಪಿ ಚೂರು ಇದ್ದರೂ ಸಾಕು, ತಿರುಗಿ ತಿರುಗಿ ಬಳಕೆಯಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮಾಂಟೆಲುಕಾಸ್ಟ್‌ನ ಆಲ್ಕೋಹಾಲ್ ತಯಾರಾಗುತ್ತಿದ್ದಂತೆ ಹರಳಾಗಿ ಕೆಳಗೆ ಬೀಳುತ್ತದೆ. ದ್ರಾವಣದಿಂದ ಅದು ಹೊರಬೀಳುತ್ತಾ ಹೋದಂತೆ ರಿಯಾಕ್ಷನ್ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ನಮ್ಮ ಆಲ್ಕೋಹಾಲಿಗೆ ಆ ಗುಣ ಇಲ್ಲ. ಅದು ಕರಗಿಯೇ ಉಳಿಯುತ್ತದೆ. ಹಾಗಾದರೆ ರಿಯಾಕ್ಷನ್ ಮುಂದೆ ಹೋಗಬೇಕೆಂದರೆ ಅಸಿಟೋನನ್ನು ಹೊರಗೆ ಕಳಿಸಬೇಕು. ಅದಕ್ಕಾಗಿ ರಿಯಾಕ್ಟರಿನ ಮೇಲ್ಭಾಗದಲ್ಲಿ ನೈಟ್ರೋಜನ್ ಹಾಯಿಸುತ್ತಿದ್ದರು. ನೈಟ್ರೋಜನ್ ಜೊತೆ ಅಸಿಟೋನಿನ ಆವಿ ಹೋಗುತ್ತಿತ್ತು. ದಾರಿಯಲ್ಲಿ ಒಂದು ಕಂಡೆನ್ಸರ್. ಅದರಲ್ಲಿ ಕೂಲಿಂಗ್ ಟವರಿನ ನೀರು. ಜೊತೆಗೆ ಹೊರಟ ಐಪಿಎ ಅಲ್ಲಿ ದ್ರವವಾಗಿ ರಿಯಾಕ್ಟರಿಗೆ ವಾಪಸ್, ಅಸಿಟೋನಿನ ಹೆಚ್ಚಿನ ಪಾಲು ಮುಂದೆ ಆವಿಯನ್ನು ತೊಳೆದು ಹಿಡಿಯುವ ಸ್ಕ್ರಬ್ಬರಿಗೆ. ಡಿಸೆಂಬರ್, ಜನವರಿ, ಫೆಬ್ರವರಿ ಹೀಗೇ ಚೆನ್ನಾಗಿ ನಡೆಯಿತು.

ಬ್ಯಾಚು ನಿಂತಾಗ

ಏಪ್ರಿಲಿನ ಬ್ಯಾಚುಗಳಲ್ಲಿ ಮೊದಲ ಕೆಲವು ಗಂಟೆ ಎಲ್ಲ ಸರಿ ಇರುತ್ತಿತ್ತು. ಆಮೇಲೆ ವೇಗ ಇಳಿಯುತ್ತಿತ್ತು. ಶೇಕಡಾ 10ರ ಆಸುಪಾಸು ಕೀಟೋನ್ ಉಳಿದಾಗ ಪೂರ್ತಿ ನಿಂತುಬಿಡುತ್ತಿತ್ತು. ಮುಂದಿನ ಹಂತಕ್ಕೆ ಅದು ಶೇಕಡಾ 1ಕ್ಕಿಂತ ಕೆಳಗಿರಬೇಕು.

ಬಿಸಿಲಿನ ಮೇಲೆ ಅನುಮಾನ ಬರಲು ಸರಿಯಾದ ಕಾರಣಗಳಿದ್ದವು. ಕಿಣ್ವ ಅಂದರೆ ಪ್ರೋಟೀನು. ತಾಪ ಮಿತಿ ಮೀರಿದರೆ ಅದರ ಮಡಿಕೆ ಬಿಚ್ಚಿಕೊಂಡು ಕೆಲಸ ನಿಲ್ಲುತ್ತದೆ. ಕಿಣ್ವದ ಪುಡಿ ಬರುವುದು ಹೈದರಾಬಾದಿನಿಂದ ರಸ್ತೆಯಲ್ಲಿ, ಐಸ್ ಪ್ಯಾಕ್ ಇಟ್ಟ ಡಬ್ಬದಲ್ಲಿ. ಒಂದು ಸಲದ ಡಬ್ಬದಲ್ಲಿ ತಾಪ ಮಿತಿಗಿಂತ ಸ್ವಲ್ಪ ಮೇಲೆ ಹೋಗಿದ್ದನ್ನು ಡೇಟಾ ಲಾಗರ್ ತೋರಿಸಿತು. ಎಲ್ಲರಿಗೂ ಸಾಕ್ಷಿ ಸಿಕ್ಕ ಹಾಗಾಯಿತು. ಬೇರೆ ಡಬ್ಬಗಳ ಪುಡಿ ಹಾಕಿದ ಬ್ಯಾಚುಗಳೂ ನಿಂತಿದ್ದವು, ಆದರೆ ಆ ಕಡೆ ಯಾರೂ ಗಮನ ಕೊಡಲಿಲ್ಲ.

ಗುಣಮಟ್ಟ ನೋಡುವ ಕ್ಯೂಸಿ ಲ್ಯಾಬಿನಲ್ಲಿ ಪುಡಿಯ ಶಕ್ತಿ ಅಳೆದರು. ಎನ್‌ಎಡಿಪಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಎನ್‌ಎಡಿಪಿ ಹೀರುವುದಿಲ್ಲ. ಆ ಹೀರಿಕೆ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡಿದರೆ ಕಿಣ್ವ ಎಷ್ಟು ಚುರುಕಾಗಿದೆ ಅಂತ ತಿಳಿಯುತ್ತದೆ. ಮಿತಿ ಮೀರಿದ ಡಬ್ಬದ ಪುಡಿಯೂ ಸೇರಿ ಎಲ್ಲ ಸರಿಯಾಗಿಯೇ ಇತ್ತು. ಆದರೂ ನಂಬಿಕೆ ಅಲುಗಲಿಲ್ಲ. "ಪುಡಿ ಸರಿ ಐತಿ, ರಿಯಾಕ್ಟರಿಗೆ ಹೋದ ಮ್ಯಾಲೆ ಸಾಯ್ತದ" ಎಂಬ ಮಾತು ಬಂತು. ಹಾಗಿದ್ದರೆ ಹೊಸ ಕಿಣ್ವ ಹಾಕಿದಾಗ ರಿಯಾಕ್ಷನ್ ಮತ್ತೆ ಓಡಬೇಕು, ಅಲ್ವಾ? ನಿಂತ ಬ್ಯಾಚಿಗೆ ಇನ್ನೊಂದು ಡೋಸ್ ಹಾಕಿದರು. ಕೀಟೋನಿನ ಅಂಕಿ ಕದಲಲಿಲ್ಲ. ಎನ್‌ಎಡಿಪಿ ಹಾಕಿದರು. ಅದಕ್ಕೂ ಕದಲಲಿಲ್ಲ. ಪಿಎಚ್ ಮೊದಲಿನಷ್ಟೇ ಇತ್ತು. ಖಾಲಿಯಾದ ಎನ್‌ಎಡಿಪಿಯನ್ನು ತುಂಬಲು ಐಪಿಎ ಬದಲು ಗ್ಲೂಕೋಸ್ ಬಳಸುವ ವಿಧಾನದಲ್ಲಾದರೆ ಗ್ಲೂಕಾನಿಕ್ ಆಮ್ಲ ಹುಟ್ಟಿ ಪಿಎಚ್ ಬೀಳುತ್ತದೆ. ಐಪಿಎ ವಿಧಾನದಲ್ಲಿ ಆ ಕಾಟ ಇಲ್ಲ.

ನನ್ನ ಮಟ್ಟಿಗೆ ಉತ್ತರ ಆ ಎರಡನೇ ಡೋಸಿನಲ್ಲೇ ಇತ್ತು. ಕ್ಯಾಟಲಿಸ್ಟ್ ಕಡಿಮೆಯಾಗಿ ನಿಂತ ರಿಯಾಕ್ಷನ್‌ಗೆ ಕ್ಯಾಟಲಿಸ್ಟ್ ಹಾಕಿದರೆ ಓಡುತ್ತದೆ. ಓಡದಿದ್ದರೆ ಅದು ನಿಂತದ್ದು ಬೇರೆ ಕಾರಣಕ್ಕೆ. ಹಾಗಾಗಿ ನಿಂತ ರಿಯಾಕ್ಟರಿನಿಂದ ಒಂದಿಷ್ಟು ದ್ರಾವಣ ತೆಗೆದು ಲ್ಯಾಬಿನ ಫ್ಲಾಸ್ಕಿಗೆ ಹಾಕಿದೆವು. ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಅದೇ ತಾಪ, ಅದೇ ಕಲಕು. ಫ್ಯೂಮ್ ಹುಡ್ಡಿನಲ್ಲಿಟ್ಟು ಸುಮ್ನೆ ನೈಟ್ರೋಜನ್ ಹಾಯಿಸಿದೆವು, ಆವಿಯಾದಷ್ಟು ಐಪಿಎಯನ್ನು ಮಾತ್ರ ತುಂಬಿಸಿದೆವು. ಬೆಳಗಾಗುವಷ್ಟರಲ್ಲಿ ರಿಯಾಕ್ಷನ್ ಮುಗಿದಿತ್ತು. ಸತ್ತಿದೆ ಅಂದುಕೊಂಡ ಕಿಣ್ವವೇ ಅದನ್ನು ಮುಗಿಸಿತ್ತು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಮುಗಿದ ಆ ಫ್ಲಾಸ್ಕಿಗೆ ಬೇಕೆಂದೇ ಅಸಿಟೋನ್ ಸುರಿದು ಮುಚ್ಚಿಟ್ಟೆವು. ಮಾಯವಾಗಿದ್ದ ಕೀಟೋನ್ ಮತ್ತೆ ಕಾಣಿಸಿಕೊಂಡಿತು. ಈ ಫಲಿತಾಂಶದ ಹಾಳೆಯನ್ನು ಮೀಟಿಂಗಿನಲ್ಲಿ ಮೇಜಿನ ಮೇಲಿಟ್ಟಾಗ ಬಿಸಿಲಿನ ಮಾತು ನಿಂತಿತು.

ಕ್ಯಾಟಲಿಸ್ಟ್ ರಿಯಾಕ್ಷನ್‌ನ ವೇಗ ಹೆಚ್ಚಿಸುತ್ತದೆ, ಅದು ಎಲ್ಲಿ ಸಮತೋಲನಕ್ಕೆ ಬರುತ್ತದೆ, ಅಂದರೆ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆದು ಎಲ್ಲಿ ನಿಂತಂತೆ ಕಾಣುತ್ತದೆ, ಅನ್ನುವುದನ್ನು ಬದಲಿಸುವುದಿಲ್ಲ. ಇದು ಪಿಯುಸಿ ಪಾಠ. ಅನುಭವಿಗಳಿದ್ದ ಪ್ಲಾಂಟಿನಲ್ಲಿ ಅದು ಯಾರಿಗೂ ಹೊಳೆಯಲಿಲ್ಲವೇಕೆ? ನನ್ನ ಲೆಕ್ಕದಲ್ಲಿ ಕಾರಣ ಹಳೆಯ ವಿಧಾನದ ಅಭ್ಯಾಸ. ಡಿಐಪಿ ಕ್ಲೋರೈಡಿನದು ಒಂದೇ ದಿಕ್ಕಿನ ರಿಯಾಕ್ಷನ್, ಹಿಂದಕ್ಕೆ ಬರುವ ಪ್ರಶ್ನೆಯೇ ಇಲ್ಲ. ವರ್ಷಗಟ್ಟಲೆ ಅದನ್ನೇ ನಡೆಸಿದವರು ರಿಯಾಕ್ಷನ್ ನಿಂತರೆ ಮೊದಲು ನೋಡುವುದು ರೀಏಜೆಂಟ್ ಕೆಟ್ಟಿದೆಯಾ ಅಂತ. ಕಿಣ್ವವನ್ನೂ ಅವರು ಒಂದು ರೀಏಜೆಂಟಿನ ಜಾಗದಲ್ಲಿಟ್ಟು ನೋಡಿದರು. ಈ ಕಿಣ್ವ ಎರಡೂ ದಿಕ್ಕಿಗೆ ದುಡಿಯುತ್ತದೆ. ಅಸಿಟೋನ್ ಜಾಸ್ತಿಯಾದರೆ ಅದೇ ಕಿಣ್ವ ನಮ್ಮ ಆಲ್ಕೋಹಾಲಿನ ಹೈಡ್ರೋಜನ್ ತೆಗೆದು ಅಸಿಟೋನಿಗೆ ಕೊಟ್ಟುಬಿಡುತ್ತದೆ.

ಅಸಿಟೋನ್ ಯಾಕೆ ಉಳಿಯಿತು

ಚಳಿಗಾಲದಲ್ಲಿ ಹೋಗುತ್ತಿದ್ದ ಅಸಿಟೋನ್ ಬೇಸಿಗೆಯಲ್ಲಿ ಯಾಕೆ ಹೋಗಲಿಲ್ಲ? ಬಿಸಿ ಜಾಸ್ತಿಯಾದರೆ ಇನ್ನೂ ಬೇಗ ಆವಿಯಾಗಬೇಕಲ್ಲ. ಸುಳಿವು ಕೊಟ್ಟವರು ರಾತ್ರಿ ಪಾಳಿಯ ಹಿರಿಯ ಆಪರೇಟರ್. "ಸರ್, ಕಂಡೆನ್ಸರ್ ರಿಟರ್ನ್ ಗ್ಲಾಸಿನಾಗ ಈಗ ಬಾಳ ಹರೀಲಿಕತ್ತದ್ರೀ. ಚಳಿಗಾಲದಾಗ ಇಷ್ಟು ಹರೀತಿದ್ದಿಲ್ಲ" ಎಂದರು. ಮಿಶ್ರಣದಲ್ಲಿ ಏನೇನಿದೆ ಅಂತ ಬೇರ್ಪಡಿಸಿ ತೋರಿಸುವ ಜಿಸಿ ಯಂತ್ರದಲ್ಲಿ ಆ ದ್ರವ ಓಡಿಸಿದೆವು. ಅದರ ತುಂಬ ಅಸಿಟೋನ್.

ಆಗಿದ್ದಿಷ್ಟು. ಮಾರ್ಚಿನಲ್ಲಿ ಬಿಸಿಲು ಏರಿದಾಗ ಕೂಲಿಂಗ್ ಟವರಿನ ನೀರು ತಣ್ಣಗಾಗದೆ ಹೋಯಿತು. ಟವರಿನ ಒಳಗೆ ನೀರನ್ನು ಹರಡಿ ಗಾಳಿಗೆ ಒಡ್ಡುವ ಫಿಲ್ ಹಳೆಯದಾಗಿತ್ತು, ಮೇಲಿನಿಂದ ತುಂಬುವ ನೀರಿಗೂ ಬೇಸಿಗೆಯ ಕೊರತೆ. ಕಂಡೆನ್ಸರಿನಲ್ಲಿ ಐಪಿಎ ಸರಿಯಾಗಿ ನಿಲ್ಲದೆ ಹೊರಗೆ ಹೋಗತೊಡಗಿತು. ಅದು ನಷ್ಟ, ಜೊತೆಗೆ ವಾಸನೆ. ಹಳೆಯ ಹಂತ ನಿಂತಿದ್ದರಿಂದ ಬ್ರೈನ್ ಚಿಲ್ಲರ್ ಖಾಲಿ ಇತ್ತು. ಇಂಜಿನಿಯರಿಂಗ್ ವಿಭಾಗದವರು ಆ ತಣ್ಣನೆಯ ಬ್ರೈನನ್ನೇ ಈ ಕಂಡೆನ್ಸರಿಗೆ ಜೋಡಿಸಿದರು. ಐಪಿಎ ನಷ್ಟ ನಿಂತಿತು, ವಾಸನೆಯೂ ನಿಂತಿತು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ಅದು, ಅವರನ್ನು ದೂರುವ ಹಾಗಿಲ್ಲ. ಆದರೆ ಐಪಿಎ ಕುದಿಯುವುದು 82 ಡಿಗ್ರಿಗೆ, ಅಸಿಟೋನ್ 56ಕ್ಕೆ. ಟವರ್ ನೀರಿನ ತಂಪಿಗೆ ಅಸಿಟೋನ್ ಅಷ್ಟಾಗಿ ಸಿಗುತ್ತಿರಲಿಲ್ಲ. ಸೊನ್ನೆಗಿಂತ ಕೆಳಗಿನ ಬ್ರೈನಿಗೆ ಅದೂ ಸಿಕ್ಕಿಬಿತ್ತು. ಸಿಕ್ಕಿದ್ದೆಲ್ಲ ವಾಪಸ್ ರಿಯಾಕ್ಟರಿಗೆ. ಬರೀ ಯುಟಿಲಿಟಿ (ನೀರು, ತಂಪು, ಕರೆಂಟ್) ಬದಲಾವಣೆ ಅಂದುಕೊಂಡಿದ್ದರಿಂದ, ಬದಲಾವಣೆಗೆ ಒಪ್ಪಿಗೆ ಪಡೆಯುವ ಚೇಂಜ್ ಕಂಟ್ರೋಲ್ ಹಾಳೆ ಪ್ರೊಸೆಸ್ ವಿಭಾಗಕ್ಕೆ ಬರಲೇ ಇಲ್ಲ.

ನಿಂತಿದ್ದ ಬ್ಯಾಚನ್ನು ಉಳಿಸುವುದು ಕಷ್ಟವಾಗಲಿಲ್ಲ. ಬ್ರೈನ್ ಬಂದ್ ಮಾಡಿ ಟವರ್ ನೀರು ಬಿಟ್ಟರು, ನೈಟ್ರೋಜನ್ ಸ್ವಲ್ಪ ಹೆಚ್ಚಿಸಿದರು, ಐಪಿಎ ತುಂಬಿಸಿದರು. ಬ್ಯಾಚು ಮುಗಿಯಿತು. ಶುದ್ಧತೆ ಮಿತಿಯೊಳಗೇ ಇತ್ತು. ಆದರೆ ಇಂಥ ಬ್ಯಾಚನ್ನು ದಿನಗಟ್ಟಲೆ ಹಾಗೇ ಬಿಡುವುದು ಒಳ್ಳೆಯದಲ್ಲ. ಹಿಂದೆ ಮುಂದೆ ಓಡಾಡುವ ರಿಯಾಕ್ಷನ್‌ನಲ್ಲಿ ಬೇಡದ ರೂಪವೂ ನಿಧಾನಕ್ಕೆ ಹುಟ್ಟಬಹುದು.

ಶಾಶ್ವತ ಪರಿಹಾರವಾಗಿ ಎರಡು ಕಂಡೆನ್ಸರುಗಳನ್ನು ಸಾಲಾಗಿ ಇಟ್ಟರು. ಮೊದಲನೆಯದಕ್ಕೆ ಟವರ್ ನೀರು, ಅಲ್ಲಿ ನಿಂತ ಐಪಿಎ ರಿಯಾಕ್ಟರಿಗೆ ವಾಪಸ್. ಎರಡನೆಯದಕ್ಕೆ ಬ್ರೈನ್, ಅಲ್ಲಿ ನಿಂತ ಅಸಿಟೋನ್ ಬೇರೆ ರಿಸೀವರಿಗೆ. ಟವರಿನ ಫಿಲ್ ಬದಲಿಸಿದರು. ಬ್ಯಾಚ್ ಶೀಟಿನಲ್ಲಿ ರಿಯಾಕ್ಟರಿನ ಅಸಿಟೋನ್ ಅಳತೆಗೆ ಒಂದು ಕಾಲಂ ಸೇರಿತು. ಹಳೆಯ ಚಿಲ್ಲರಿಗೂ ಕೆಲಸ ಉಳಿಯಿತು, ಆದರೆ ಮೈನಸ್ 25ರ ಹೊರೆ ತಪ್ಪಿತು.

ದ್ರಾವಕ, ನೊರೆ, ದೂಳು

ಕಿಣ್ವದ ಲಾಭವನ್ನು ಬರೀ ಪುಡಿಯ ಬೆಲೆ ಹಿಡಿದು ಅಳೆಯುವವರಿದ್ದಾರೆ. ಅಸಲು ಲಾಭ ಇರುವುದು ದ್ರಾವಕದಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಟಿಎಚ್‌ಎಫ್ ನೀರಿನ ಜೊತೆ ಸೇರಿದರೆ ಸಾದಾ ಡಿಸ್ಟಿಲೇಷನ್‌ನಲ್ಲಿ ಪೂರ್ತಿ ಬೇರೆಯಾಗುವುದಿಲ್ಲ. ಸುಮಾರು ಶೇಕಡಾ 5 ನೀರು ಹಿಡಿದುಕೊಂಡೇ ಬರುತ್ತದೆ. ಹಳೆಯ ಹಂತಕ್ಕೆ ಅದು ಒಣಗಿರಲೇಬೇಕಿತ್ತು, ಹಾಗಾಗಿ ಒಣಗಿಸಲು ಬೇರೆ ಖರ್ಚು. ಅದನ್ನು ಹಾಗೇ ಇಟ್ಟರೆ ಪೆರಾಕ್ಸೈಡ್ ಹುಟ್ಟುವ ಅಪಾಯ ಬೇರೆ. ಐಪಿಎ ಕೂಡ ಸುಮಾರು ಶೇಕಡಾ 12 ನೀರು ಹಿಡಿದುಕೊಂಡು ಬರುತ್ತದೆ. ಆದರೆ ನಮ್ಮ ರಿಯಾಕ್ಷನ್ ನಡೆಯುವುದೇ ನೀರಿನಲ್ಲಿ! ಆ ನೀರನ್ನು ತೆಗೆಯುವ ಅಗತ್ಯವೇ ಇಲ್ಲ. ವಾಪಸ್ ಪಡೆದ ಐಪಿಎ ನೇರವಾಗಿ ಮುಂದಿನ ಬ್ಯಾಚಿಗೆ ಹೋಗುತ್ತದೆ. ಉತ್ಪನ್ನದಲ್ಲಿ ಉಳಿಯಬಹುದಾದ ಟಿಎಚ್‌ಎಫ್‌ಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ 720 ಪಿಪಿಎಂ. ಐಪಿಎ, ಅಸಿಟೋನ್ ಕಡಿಮೆ ವಿಷದ ಗುಂಪಿನವು, ಅವಕ್ಕೆ 5000 ಪಿಪಿಎಂ ತನಕ ಅವಕಾಶವಿದೆ.

ವಾಪಸ್ ಬಂದ ಐಪಿಎಯಲ್ಲೂ ಅಸಿಟೋನ್ ಇಣುಕಿತು. ಮಳೆಗಾಲದ ಒಂದು ಬ್ಯಾಚು ನಿಧಾನವಾದಾಗ ಹೊಸ ಕಾಲಂ ನೋಡಿದ ಕೂಡಲೇ ಗೊತ್ತಾಯಿತು. ಶುರುವಿನಲ್ಲೇ ಅಸಿಟೋನ್ ಇತ್ತು. ಡಿಸ್ಟಿಲೇಷನ್‌ನಲ್ಲಿ ಮೊದಲು ಬರುವ ಪಾಲನ್ನು ಇನ್ನಷ್ಟು ಬೇರೆ ತೆಗೆಯಬೇಕು ಅಂತ ತೀರ್ಮಾನವಾಯಿತು. ವಾಪಸ್ ಬಂದ ಐಪಿಎಗೆ ಅಸಿಟೋನ್ ಮಿತಿ ಬರೆದರು. ಈ ಸಲ ಕಿಣ್ವದ ಹೆಸರನ್ನು ಯಾರೂ ಎತ್ತಲಿಲ್ಲ.

ಎಫ್ಲುಯೆಂಟ್, ಅಂದರೆ ತ್ಯಾಜ್ಯ ನೀರಿನ ವಿಷಯದಲ್ಲಿ ಬೋರಾನ್ ಉಪ್ಪು, ಪೈನೀನ್ ಎರಡೂ ತಪ್ಪಿದವು. ಈಗ ಬರುವ ನೀರಿನಲ್ಲಿ ಪ್ರೋಟೀನ್, ಬಫರ್, ಉಳಿದ ಐಪಿಎ ಇರುತ್ತವೆ. ಅದರ ಸಿಒಡಿ, ಅಂದರೆ ಕೊಳೆಯನ್ನು ಆಕ್ಸಿಡೀಕರಿಸಲು ಬೇಕಾದ ಆಮ್ಲಜನಕದ ಅಳತೆ, ಕಡಿಮೆ ಏನಲ್ಲ. ಆದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸುತ್ತವೆ. ಬೋರಾನನ್ನು ಅವು ಏನೂ ಮಾಡಲಾಗುತ್ತಿರಲಿಲ್ಲ.

ಇನ್ನೂ ಪೂರ್ತಿ ಬಗೆಹರಿಯದ ತೊಂದರೆ ವರ್ಕಪ್‌ನದು. ರಿಯಾಕ್ಷನ್ ಮುಗಿದ ಮೇಲೆ ದ್ರಾವಕ ಹಾಕಿ ಪದರ ಬೇರ್ಪಡಿಸುವಾಗ ಮಧ್ಯದಲ್ಲಿ ಪ್ರೋಟೀನಿನ ದಪ್ಪ ನೊರೆ ಕೂರುತ್ತದೆ. ಅದು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ. ಅದರಲ್ಲಿ ಸರಕು ಸಿಕ್ಕಿಕೊಳ್ಳುತ್ತದೆ. ಈಗ ಮೊದಲು ತಾಪ ಏರಿಸಿ ಪ್ರೋಟೀನನ್ನು ಗಟ್ಟಿಯಾಗಿಸುತ್ತಾರೆ, ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾಗುವ ಹಾಗೆ. ಆಮೇಲೆ ಸೋಸಲು ನೆರವಾಗುವ ಹೈಫ್ಲೋ ಪುಡಿಯ ಹಾಸಿನ ಮೇಲೆ ಸೋಸುತ್ತಾರೆ. ಕೆಲಸ ಆಗುತ್ತದೆ, ಆದರೆ ಸೋಸಲು ಬಹಳ ಹೊತ್ತು ಹಿಡಿಯುತ್ತದೆ. ಲ್ಯಾಬಿನ ಚಿಕ್ಕ ಫನೆಲ್ಲಿನಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ಕಿಣ್ವದ ಹಂತ ರೂಪಿಸುವವರು ಮೊದಲ ವಾರದಲ್ಲೇ ಸೋಸುವ ವೇಗ ಅಳೆಯಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಸುರಕ್ಷತೆಯ ಮಾತೂ ಇದೆ. ನೀರಿನ ಪ್ರೊಸೆಸ್ ಅಂದ ಕೂಡಲೇ ಜನ ಮೈಮರೆಯುತ್ತಾರೆ. ಐಪಿಎ ಆವಿಗೆ ಕಿಡಿ ತಗುಲಿ ಬೆಂಕಿ ಹತ್ತಲು 12 ಡಿಗ್ರಿ ತಾಪ ಸಾಕು, ಅಸಿಟೋನಿಗೆ ಅದೂ ಬೇಡ. ನಮ್ಮ ಊರಿನ ಚಳಿಗಾಲವೂ ಅದಕ್ಕಿಂತ ಬಿಸಿ. ನೈಟ್ರೋಜನ್ ಇಲ್ಲಿ ಅಸಿಟೋನ್ ಒಯ್ಯುವುದರ ಜೊತೆಗೆ ಬೆಂಕಿಯನ್ನೂ ತಡೆಯುತ್ತದೆ. ಅದು ನಿಂತರೆ ರಿಯಾಕ್ಷನ್ನೂ ನಿಲ್ಲಬೇಕು ಅಂತ ಇಂಟರ್‌ಲಾಕ್ ಇಟ್ಟಿದ್ದಾರೆ. ಎರಡನೆಯದು ಕಿಣ್ವದ ದೂಳು. ಅದನ್ನು ಮತ್ತೆ ಮತ್ತೆ ಉಸಿರಾಡಿದವರಿಗೆ ಅಲರ್ಜಿ, ಅಸ್ತಮಾ ಬರಬಹುದು. 1960ರ ದಶಕದ ಕೊನೆಯಲ್ಲಿ ಬಟ್ಟೆ ಒಗೆಯುವ ಕಿಣ್ವದ ಪುಡಿ ತಯಾರಿಸುತ್ತಿದ್ದ ಕಾರ್ಖಾನೆಗಳ ಕೆಲಸಗಾರರಲ್ಲಿ ಇದು ಮೊದಲು ಗೊತ್ತಾಯಿತು. ಡಿಐಪಿ ಕ್ಲೋರೈಡ್ ಸುಡುತ್ತಿತ್ತು, ಹಾಗಾಗಿ ಎಲ್ಲರೂ ಹೆದರುತ್ತಿದ್ದರು. ಕಿಣ್ವದ ಪುಡಿ ಸುಡುವುದಿಲ್ಲ, ಮಾಸ್ಕ್ ಕೆಳಗೆ ಜಾರಿಸಿಕೊಂಡೇ ತೂಕ ಮಾಡುವವರಿದ್ದರು. ಈಗ ತೂಕವೆಲ್ಲ ಮುಚ್ಚಿದ ಬೂತಿನಲ್ಲಿ, ಸರಿಯಾದ ರೆಸ್ಪಿರೇಟರ್ ಹಾಕಿಕೊಂಡೇ ನಡೆಯುತ್ತದೆ. ಇದರಲ್ಲಿ ಸಡಿಲ ಬಿಡಲೇಬಾರದು.

ಅದೇ ಘಟಕದಲ್ಲಿ ಇನ್ನೆರಡು ಹಂತಗಳಿಗೆ ಕಿಣ್ವ ತರುವ ಮಾತು ನಡೆದಿದೆ. ಒಂದು ಲೈಪೇಸ್ ಎಂಬ ಕಿಣ್ವ ಬಳಸಿ, ಎಸ್ಟರ್ ಎಂಬ ಸಂಯುಕ್ತವನ್ನು ನೀರಿನಿಂದ ಆಮ್ಲ, ಆಲ್ಕೋಹಾಲ್ ಆಗಿ ಒಡೆಯುವ ಹಂತ. ಅದು ನನಗೆ ಒಪ್ಪಿಗೆ. ಅಲ್ಲಿ ಸುತ್ತಲೂ ನೀರೇ ಇರುವುದರಿಂದ ಹಿಂದಕ್ಕೆ ಬರುವ ಭಯ ಕಡಿಮೆ. ಆಮ್ಲ ಹುಟ್ಟುತ್ತಾ ಪಿಎಚ್ ಬೀಳುವುದನ್ನು ಕ್ಷಾರ ಬಿಟ್ಟು ಹಿಡಿದಿಡಬೇಕು. ಕ್ಷಾರ ಬೀಳುವ ಜಾಗದಲ್ಲಿ ಕಲಕು ಚೆನ್ನಾಗಿರಬೇಕು, ಇಲ್ಲದಿದ್ದರೆ ಅಲ್ಲಿಯೇ ಕಿಣ್ವ ಕೆಡುತ್ತದೆ. ಇನ್ನೊಂದು ಸಾದಾ ರಿಡಕ್ಷನ್. ಅದರಲ್ಲಿ ಎರಡು ರೂಪಗಳ ಗೊಡವೆಯೇ ಇಲ್ಲ. ಸೋಡಿಯಂ ಬೋರೋಹೈಡ್ರೈಡ್ ಹಾಕಿ ಮಾಮೂಲಿ ತಂಪಿನಲ್ಲೇ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿ ಕಿಣ್ವ ತಂದರೆ ನೊರೆ ಬರುತ್ತದೆ, ಸೋಸುವ ಕೆಲಸ ಬರುತ್ತದೆ, ಲಾಭ ಬರುವುದಿಲ್ಲ. ಅದನ್ನು ಹಾಗೇ ಬಿಡಿ ಅಂತ ಬರೆದುಕೊಟ್ಟಿದ್ದೇನೆ.